ಒಲಿಂಪಿಕೊ ರಂಗಮಂದಿರವೂ ಈಡಿಪಸ್ ನಾಟಕವೂ

ನಮ್ಮ ಲಾಕ್ಷಣಿಕರು ನಾಟಕವನ್ನು ದೃಶ್ಯಕಾವ್ಯವೆಂದು ಹೆಸರಿಸಿದರು. ಈ ಹೆಸರಿನ ಎರಡು ಅಂಗಗಳಲ್ಲಿ ಕಾವ್ಯವೆಂಬುದನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿಮರ್ಶೆ ನಡೆದಿದೆ. ದೃಶ್ಯವೆಂಬುದನ್ನು ಕುರಿತು ನಡೆದುದು ಅಲ್ಪ. ವಸ್ತು, ಪಾತ್ರ, ರಸ, ಶೈಲಿ ಇವುಗಳನ್ನು ತೂಗಿ ನೋಡುವ ವಿದ್ವಾಂಸರು ನಾಟಕವನ್ನು ಆಡಿದ ಮಂದಿರವನ್ನು ವಾಸ್ತುಶಿಲ್ಪಿಗಳಿಗೂ ಪ್ರವಾಸಿಗಳಿಗೂ ಬಿಟ್ಟುಕೊಡುವುದು ವಾಡಿಕೆ. ಆದರೆ ರಂಗಮಂದಿರವೂ ಒಂದು ಬಗೆಯ ವ್ಯಾಖ್ಯಾನವೇ. ಕವಿಯ ಮಾತನ್ನು ಎಲ್ಲಿ ನಿಂತು ಆಡಬೇಕು, ಯಾರು ಎಲ್ಲಿ ಕುಳಿತು ಕೇಳಬೇಕು, ಆ ಮಾತಿನ ಹಿಂದೆ ಏನು ಕಾಣಬೇಕು ಎಂಬುದನ್ನು ಅದು ನಿರ್ಣಯಿಸುತ್ತದೆ. ವ್ಯಾಖ್ಯಾನವೆಂದಮೇಲೆ ಅದು ಮೂಲಕ್ಕೆ ಎಷ್ಟರಮಟ್ಟಿಗೆ ನ್ಯಾಯ ಸಲ್ಲಿಸಿತೆಂದು ವಿಚಾರಿಸುವುದು ಸಾಹಿತ್ಯವಿಮರ್ಶಕನಿಗೂ ಸೇರಿದ ಕೆಲಸ. ಇಟಲಿ ದೇಶದ ವಿಚೆಂತ್ಸಾ ನಗರದಲ್ಲಿರುವ ಒಲಿಂಪಿಕೊ ರಂಗಮಂದಿರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಮಂದಿರವನ್ನು ಕಟ್ಟಿಸಿದವನು ಅರಸನಲ್ಲ, ಒಂದು ವಿದ್ವತ್ಸಭೆ. ವಿಚೆಂತ್ಸಾ ಆಗ ವೆನಿಸ್ ಗಣರಾಜ್ಯಕ್ಕೆ ಅಧೀನವಾಗಿದ್ದ ನಗರ. 1555ರಲ್ಲಿ ಅಲ್ಲಿಯ ಶ್ರೀಮಂತರೂ ಪಂಡಿತರೂ ಕಲೆಗಾರರೂ ಕೂಡಿ ಒಲಿಂಪಿಕ ಅಕಾಡೆಮಿಯನ್ನು ಸ್ಥಾಪಿಸಿದರು. ಸ್ಥಾಪಕ ಸದಸ್ಯರಲ್ಲಿ ಆಂದ್ರೆಯಾ ಪಲ್ಲಾಡಿಯೊ (1508-1580) ಒಬ್ಬನು. ಕಲ್ಲುಕೆಲಸದಿಂದ ಜೀವನವನ್ನಾರಂಭಿಸಿದ ಈತನ ಪ್ರತಿಭೆಯನ್ನು ಕಂಡು ವಿದ್ಯೆಯ ದಾರಿಗೆ ಹಚ್ಚಿದವನು, ಪಲ್ಲಾಡಿಯೊ ಎಂಬ ಹೆಸರನ್ನೇ ಕೊಟ್ಟವನು, ಕವಿ ಜಾನ್‌ಜೋರ್ಜೊ ತ್ರಿಸ್ಸಿನೊ. ಗ್ರೀಕರ ಮಾದರಿಯನ್ನನುಸರಿಸಿ ಇಟಲಿಯ ಭಾಷೆಯಲ್ಲಿ ಹುಟ್ಟಿದ ಮೊದಲ ರುದ್ರನಾಟಕವೆಂದು ಗಣಿತವಾಗಿರುವ ‘ಸೊಫೊನಿಸ್ಬಾ’ ಈ ತ್ರಿಸ್ಸಿನೊವಿನ ಕೃತಿ. ಅದು ಅಚ್ಚಾದುದು 1524ರಲ್ಲಿ. 1562ರಲ್ಲಿ ಅಕಾಡೆಮಿಯವರು ಅದನ್ನು ಆಡಿದಾಗ ನಗರದ ಸಭಾಸೌಧದ ದೊಡ್ಡ ಹಜಾರದಲ್ಲಿ ತಾತ್ಕಾಲಿಕವಾಗಿ ಮರದ ರಂಗವೊಂದನ್ನು ನಿರ್ಮಿಸಿಕೊಟ್ಟವನು ಪಲ್ಲಾಡಿಯೊ. ಶಾಶ್ವತವಾದ ಮಂದಿರದ ಕೆಲಸ 1580ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಪಲ್ಲಾಡಿಯೊ ತೀರಿಕೊಂಡನು. ಹೀಗೆ ಇದು ಅವನ ಕಡೆಯ ಕೃತಿಯಾಗಿ, ಅವನ ಕಣ್ಣಮುಂದೆ ಪೂರ್ತಿಯಾಗದೆ ಉಳಿಯಿತು.

ಪಲ್ಲಾಡಿಯೊ ಇಲ್ಲಿ ಮಾಡಹೊರಟುದು ಗ್ರಂಥವನ್ನು ಕಟ್ಟಡವಾಗಿಸುವ ಕಾರ್ಯ. ರೋಮನ್ ಶಿಲ್ಪಶಾಸ್ತ್ರಕಾರನಾದ ವಿಟ್ರೂವಿಯಸನ ಗ್ರಂಥಕ್ಕೆ ದಾನಿಯೆಲೆ ಬಾರ್ಬರೊ ಬರೆದ ಭಾಷ್ಯ 1556ರಲ್ಲಿ ಪ್ರಕಟವಾದಾಗ ಅದಕ್ಕೆ ಚಿತ್ರಗಳನ್ನು ರಚಿಸಿಕೊಟ್ಟವರಲ್ಲಿ ಪಲ್ಲಾಡಿಯೊ ಮುಖ್ಯನು. ಪ್ರಾಚೀನರ ರಂಗದ ಲಕ್ಷಣವನ್ನು ಅವನು ಅಕ್ಷರಶಃ ಬಲ್ಲವನಾಗಿದ್ದನು. ಆದರೆ ಶಾಸ್ತ್ರ ವಿಧಿಸಿದ ಅರ್ಧವೃತ್ತಾಕಾರದ ಪ್ರೇಕ್ಷಕಸ್ಥಾನಕ್ಕೆ ಅಕಾಡೆಮಿಗೆ ದೊರೆತ ಹಳೆಯ ಕೋಟೆಯ ಆವರಣದಲ್ಲಿ ಎಡೆ ಸಾಲದು. ಆದುದರಿಂದ ಸೋಪಾನಗಳ ಸಾಲನ್ನು ಅಗಲವಾದ ಅರ್ಧಾಂಡಾಕಾರಕ್ಕೆ ಒಗ್ಗಿಸಿದನು. ಎದುರಿಗೆ ರೋಮನರ ವಿಜಯದ್ವಾರವನ್ನು ನೆನಪಿಗೆ ತರುವ ಎತ್ತರವಾದ ರಂಗಭಿತ್ತಿ. ಅದರಲ್ಲಿ ಕಂಬಗಳು, ಗೂಡುಗಳು, ಗೂಡುಗಳಲ್ಲಿ ರೋಮನ್ ವೇಷವನ್ನು ತೊಟ್ಟ ಅಕಾಡೆಮಿಯ ಸದಸ್ಯರದೇ ಪ್ರತಿಮೆಗಳು. ಮೇಲೆ ಹರ್ಕ್ಯುಲಿಸನ ಸಾಹಸಗಳ ಉಬ್ಬುಚಿತ್ರಗಳು. ಇಷ್ಟೂ ಅಮೃತಶಿಲೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಇಟ್ಟಿಗೆ, ಮರ ಮತ್ತು ಗಾರೆಯ ಕೆಲಸ. ಯೂರೋಪಿನಲ್ಲಿ ಉಳಿದು ಬಂದಿರುವ ಆ ಯುಗದ ಚಾವಣಿಯುಳ್ಳ ರಂಗಮಂದಿರಗಳಲ್ಲಿ ಇದೇ ಅತ್ಯಂತ ಹಳೆಯದು.

ಪಲ್ಲಾಡಿಯೊವಿನ ಅನಂತರ ಕೆಲಸವನ್ನು ಮುಗಿಸಿದವರಲ್ಲಿ ಪ್ರಧಾನನು ವಿಚೆಂತ್ಸೊ ಸ್ಕಾಮೊತ್ಸಿ. ರಂಗಭಿತ್ತಿಯ ಬಾಗಿಲುಗಳ ಹಿಂದೆ ಅವನು ಥೀಬ್ಸ್ ನಗರದ ಏಳು ಬೀದಿಗಳನ್ನು ಮರ ಗಾರೆಗಳಿಂದ ನಿರ್ಮಿಸಿದನು. ನಡುವಿನ ಮಹಾದ್ವಾರದಿಂದ ಮೂರು ಬೀದಿಗಳು ಕವಲೊಡೆದು ಹೋಗುತ್ತವೆ. ಅದರ ಎಡಬಲದ ಬಾಗಿಲುಗಳಲ್ಲಿ ಒಂದೊಂದು, ರಂಗದ ಎರಡು ಪಕ್ಕಗಳಲ್ಲಿ ಒಂದೊಂದು. ನೆಲ ಹಿಂದಕ್ಕೆ ಏರುತ್ತ, ಮನೆಗಳು ಕಿರಿದಾಗುತ್ತ, ಗೋಡೆಗಳು ಸಮೀಪಿಸುತ್ತ ಹೋಗುವುದರಿಂದ ಕೆಲವೇ ಹೆಜ್ಜೆಗಳ ಉದ್ದವುಳ್ಳ ಓಣಿ ಕಣ್ಣಿಗೆ ದೀರ್ಘವಾದ ರಾಜಬೀದಿಯಾಗಿ ತೋರುತ್ತದೆ. ಬೀದಿಗಳು ಏಳಾದುದಕ್ಕೆ ಕಾರಣವೂ ಉಂಟು. ಸೋಪಾನದ ಯಾವ ಕಡೆಯಲ್ಲಿ ಕುಳಿತವನಿಗೂ ಒಂದಾದರೂ ಬೀದಿ ನೇರವಾಗಿ ಕಾಣಬೇಕೆಂಬುದು ಈ ರಚನೆಯ ಮರ್ಮ. ಇದೇ ಸ್ಕಾಮೊತ್ಸಿ ಕೆಲವೇ ವರ್ಷಗಳ ಮೇಲೆ ಸಬ್ಬಿಯೊನೆತ ಪಟ್ಟಣದ ಪ್ರಭುವಿಗಾಗಿ ಮತ್ತೊಂದು ರಂಗಮಂದಿರವನ್ನು ಕಟ್ಟಿದಾಗ ಅಲ್ಲಿ ಒಂದೇ ಬೀದಿಯನ್ನು ನಿಲ್ಲಿಸಿದನು. ಒಬ್ಬ ಪ್ರಭುವಿನ ಕಣ್ಣಿಗೆ ಒಂದು ಬೀದಿ ಸಾಕು. ಸಮಾನರಾದ ಸದಸ್ಯರ ಸಭೆಗೆ ಹಲವು ಬೇಕು. ಕಟ್ಟಿಸಿದವರ ಸ್ವರೂಪ ಕಟ್ಟಡದ ರೂಪದಲ್ಲಿ ಹೀಗೆ ಮೂಡಿರುವುದನ್ನು ಗಮನಿಸತಕ್ಕದ್ದು.

1585ನೆಯ ಇಸವಿ ಮಾರ್ಚ್ 3ರಂದು ಮಂದಿರದ ಪ್ರಾರಂಭೋತ್ಸವ ನಡೆಯಿತು. ಆಡಿದ ನಾಟಕ ಸೊಫೊಕ್ಲೀಸನ ‘ಈಡಿಪಸ್’; ಭಾಷಾಂತರಕಾರ ಒರ್ಸಾತ್ತೊ ಜುಸ್ತಿನಿಯಾನಿ; ಮೇಳದ ಹಾಡುಗಳಿಗೆ ಸಂಗೀತವನ್ನು ರಚಿಸಿದವನು ಆಂದ್ರೆಯಾ ಗಾಬ್ರಿಯೆಲಿ; ಪ್ರಯೋಗವನ್ನು ನಡೆಸಿದವನು ಆಂಜೆಲೊ ಇಂಜೆನ್ಯೇರಿ. ಪ್ರೇಕ್ಷಕರಲ್ಲಿದ್ದ ಫಿಲಿಪ್ಪೊ ಪಿಗಾಫೆತ್ತ ಮಾರನೆಯ ದಿನವೇ ಪತ್ರದಲ್ಲಿ ಅದನ್ನು ಹೊಗಳಿ ಬರೆದನು. ಪಾದುವಾದ ಪಂಡಿತ ಆಂತೊನಿಯೊ ರಿಕ್ಕೊಬೊನಿ ಬೇರೊಂದು ಪತ್ರದಲ್ಲಿ ದೋಷಗಳನ್ನು ಎತ್ತಿ ತೋರಿಸಿದನು. ಆ ಒಂದು ನಾಟಕಕ್ಕೆಂದು ನಿಂತ ಬೀದಿಗಳನ್ನು ಮಾತ್ರ ಆಮೇಲೆ ಯಾರೂ ಕಿತ್ತುಹಾಕಲಿಲ್ಲ. ಥೀಬ್ಸ್ ನಗರ ನಾಲ್ಕು ಶತಮಾನಗಳಿಗೂ ಮೀರಿ ವಿಚೆಂತ್ಸಾದಲ್ಲಿ ನಿಂತೇ ಇದೆ.

ಈಗ ವ್ಯಾಖ್ಯಾನದ ಗುಣದೋಷಗಳನ್ನು ನೋಡೋಣ. ಮೊದಲು ದೋಷ. ಸೊಫೊಕ್ಲೀಸನ ನಾಟಕ ಆರಂಭವಾಗುವುದು ಮಾರಿಗೆ ತುತ್ತಾದ ಊರಿನಲ್ಲಿ. ಹೊಲ ಒಣಗಿದೆ, ದನ ಸಾಯುತ್ತಿವೆ, ಹೆರಿಗೆಗಳು ನಿಷ್ಫಲವಾಗುತ್ತಿವೆ. ಪ್ರಜೆಗಳು ಅರಸನ ಬಾಗಿಲಿಗೆ ಮೊರೆಯಿಡಲು ಬಂದಿದ್ದಾರೆ. ಸ್ಕಾಮೊತ್ಸಿಯ ಥೀಬ್ಸಿನಲ್ಲಿ ಈ ವ್ಯಾಧಿಯ ಸುಳಿವೇ ಇಲ್ಲ. ಅಲ್ಲಿ ಕಾಣುವುದು ಸುಂದರವಾದ ಸೌಧಗಳ ಪಂಕ್ತಿ, ಅಳತೆ ತಪ್ಪದ ಬೀದಿಗಳು, ಕೊರತೆಯಿಲ್ಲದ ಒಂದು ಇಟಲಿಯ ನಗರ. ಅಕಾಡೆಮಿಯವರು ತಮ್ಮ ನಗರ ಹೇಗಿರಬೇಕೆಂದು ಬಯಸಿದರೋ ಅದನ್ನೇ ಥೀಬ್ಸ್ ಎಂದು ಕರೆದರು. ಕವಿಯ ಮಾತು ನರಳುತ್ತಿರುವಾಗ ಹಿನ್ನೆಲೆ ಹಬ್ಬವನ್ನು ಆಚರಿಸುತ್ತಿದೆ. ಇದನ್ನು ಔಚಿತ್ಯಭಂಗವೆನ್ನದೆ ವಿಧಿಯಿಲ್ಲ.

ಆದರೆ ವಿಚಾರ ಇಷ್ಟಕ್ಕೆ ಮುಗಿಯುವುದಿಲ್ಲ. ‘ಈಡಿಪಸ್’ ಯಾವುದರ ನಾಟಕ? ಕಣ್ಣಿದ್ದೂ ಕಾಣದವನ ನಾಟಕ. ಒಗಟನ್ನು ಬಿಡಿಸಿ ಪಟ್ಟವನ್ನೇರಿದ ಅರಸನಿಗೆ ತಾನು ಯಾರೆಂಬುದು ಕಾಣುವುದಿಲ್ಲ. ಕುರುಡನಾದ ಟೈರೀಸಿಯಸನಿಗೆ ಕಾಣುತ್ತದೆ. ಸತ್ಯ ಹೊರಬಿದ್ದ ಕೂಡಲೆ ಈಡಿಪಸ್ ತನ್ನ ಕಣ್ಣುಗಳನ್ನು ತಾನೇ ತಿವಿದುಕೊಳ್ಳುತ್ತಾನೆ. ಈ ನಾಟಕವನ್ನು ಆಡಿದ ಮಂದಿರವಾದರೋ ಆದ್ಯಂತವಾಗಿ ಕಣ್ಣನ್ನು ವಂಚಿಸಲೆಂದು ಕಟ್ಟಿದ್ದು. ಗಾರೆ ಇಲ್ಲಿ ಶಿಲೆಯಾಗಿ ತೋರುತ್ತದೆ. ಓಣಿ ರಾಜಬೀದಿಯಾಗಿ ತೋರುತ್ತದೆ. ಇಟಲಿಯ ನಗರ ಗ್ರೀಸಿನದಾಗಿ ತೋರುತ್ತದೆ. ಕಾಣುವುದೆಲ್ಲ ಸುಸ್ಥಿತವಾಗಿದೆಯೆಂದು ನಂಬಿ ಕುಳಿತ ಪ್ರೇಕ್ಷಕನ ಸ್ಥಿತಿ ನಾಟಕದ ಮೊದಲಲ್ಲಿ ಈಡಿಪಸನಿಗಿದ್ದ ಸ್ಥಿತಿಯೇ ಅಲ್ಲವೆ? ದೋಷವೆಂದು ಮೇಲೆ ಹೇಳಿದ ವೈಭವ ಈ ದೃಷ್ಟಿಯಲ್ಲಿ ನಾಟಕದ ಅರ್ಥಕ್ಕೆ ಪೋಷಕವಾಗುತ್ತದೆ. ಇದಕ್ಕೆ ಕಳಶವಿಟ್ಟಂತೆ ಅಂದು ಕಣ್ಣು ಕಳೆದುಕೊಂಡ ಈಡಿಪಸನಾಗಿ ರಂಗಕ್ಕೆ ಬಂದವನು ಲುಯಿಜಿ ಗ್ರೋತೊ ಎಂಬ ನಿಜವಾದ ಅಂಧಕವಿ. ನೋಟದ ಮಾಯೆಯನ್ನೆಲ್ಲ ಸೂರೆಗೊಟ್ಟ ಆ ಮಂದಿರದಲ್ಲಿ ಅದನ್ನು ಕಾಣಲಾರದವನೊಬ್ಬನು ನಡುವೆ ನಿಂತು ಮಾತನಾಡಿದನು. ಸ್ಕಾಮೊತ್ಸಿ ಇಷ್ಟನ್ನೂ ಉದ್ದೇಶಿಸಿದನೆಂದು ನಾವು ಸಾಧಿಸಹೊರಟಿಲ್ಲ. ಮೂರು ದಾರಿಗಳು ಕೂಡುವೆಡೆಯಲ್ಲಿ ತಂದೆಯನ್ನು ಕೊಂದವನ ಕಥೆಯ ಹಿಂದೆ ಮೂರು ಬೀದಿಗಳು ಕೂಡುವ ಮಹಾದ್ವಾರವಿರುವುದೂ ಉದ್ದೇಶಪೂರ್ವಕವೆಂದು ಹೇಳಬೇಕಾಗಿಲ್ಲ. ವ್ಯಾಖ್ಯಾನಕಾರನು ಎಣಿಸದ ಅರ್ಥ ವ್ಯಾಖ್ಯಾನದಲ್ಲಿ ಹೊಳೆಯುವುದು ಕಾವ್ಯಲೋಕದಲ್ಲಿ ಹೊಸತಲ್ಲ.

ಮತ್ತೊಂದು ಆಕ್ಷೇಪಣೆ ಉಂಟು. ಆ ಬೀದಿಗಳಲ್ಲಿ ನಟನು ನಡೆಯುವಂತಿಲ್ಲ. ಒಳಗೆ ಹೋದಷ್ಟೂ ಅವನ ತಲೆ ಮಹಡಿಯ ಕಿಟಕಿಯನ್ನು ಮುಟ್ಟಿ ಭ್ರಮೆ ಹರಿಯುತ್ತದೆ. ಆದುದರಿಂದ ನಾಟಕವೆಲ್ಲ ರಂಗಭಿತ್ತಿಯ ಮುಂದಣ ಕಿರಿದಾದ ಜಗಲಿಯ ಮೇಲೆಯೇ ನಡೆಯಬೇಕು. ರಂಗಕಲೆಯ ಚರಿತ್ರೆಕಾರರಲ್ಲಿ ಅನೇಕರು ಈ ಮಂದಿರವನ್ನು ಮುಂದಕ್ಕೆ ದಾರಿಯಿಲ್ಲದ ಪಾಂಡಿತ್ಯದ ಪ್ರಯೋಗವೆಂದು ಎಣಿಸುವುದಕ್ಕೆ ಇದೂ ಒಂದು ಕಾರಣ. ಪಾರ್ಮಾ ನಗರದಲ್ಲಿ ಅಲೆಯೊತ್ತಿ 1618ರಲ್ಲಿ ಕಟ್ಟಿದ ಫಾರ್ನೆಸೆ ಮಂದಿರದಲ್ಲಿ ಒಂದೇ ದೊಡ್ಡ ಕಮಾನಿನ ಹಿಂದೆ ಬದಲಾಗುವ ದೃಶ್ಯಗಳಿಗೆ ಅವಕಾಶ ದೊರೆಯಿತು. ಮುಂದಿನ ಯೂರೋಪು ಅನುಸರಿಸಿದುದು ಆ ಪದ್ಧತಿಯನ್ನು. ಇತಿಹಾಸದ ಮಾತಾಗಿ ಇದು ಸರಿ. ವಿಮರ್ಶೆಯ ಮಾತಾಗಿ ಅಲ್ಲ. ಸೊಫೊಕ್ಲೀಸನ ನಾಟಕದಲ್ಲಿ ಘೋರವಾದುದು ಯಾವುದೂ ಕಣ್ಣಮುಂದೆ ನಡೆಯುವುದಿಲ್ಲ. ಲೇಯಸನ ಕೊಲೆ ಹಿಂದೆಂದೋ ಆಗಿಹೋದುದು. ಜೊಕಾಸ್ಟಾಳ ಮರಣವನ್ನೂ ಅರಸನು ಕಣ್ಣು ತಿವಿದುಕೊಂಡುದನ್ನೂ ದೂತನು ಬಂದು ಹೇಳುತ್ತಾನೆ. ಕಾಣದ ಕ್ರಿಯೆ, ಕೇಳುವ ಮಾತು ಇದೇ ಆ ನಾಟಕದ ಕ್ರಮ. ನಡೆಯಲಾಗದ ಬೀದಿಗಳನ್ನು ಹಿಂದಿಟ್ಟುಕೊಂಡು ಮಾತನ್ನೇ ಮುಂದಕ್ಕೆ ತರುವ ಈ ರಂಗ ಅದಕ್ಕೆ ತಕ್ಕುದಾಗಿದೆ. ಭರತನು ನಾಟ್ಯಶಾಸ್ತ್ರದಲ್ಲಿ ಮನುಷ್ಯರಿಗೆ 64 ಹಸ್ತ ಉದ್ದ 32 ಹಸ್ತ ಅಗಲದ ಮಧ್ಯಮ ಮಂದಿರವನ್ನು ವಿಧಿಸಿ, ಅತಿವಿಸ್ತಾರವಾದರೆ ಪಾಠ್ಯ ಅಸ್ಫುಟವಾಗಿ ಮುಖದ ಭಾವ ಕಾಣದಾಗುವುದೆಂದು ಕಾರಣವನ್ನು ಹೇಳಿದ್ದಾನೆ. ಆ ನಿಕಷಕ್ಕೆ ಹಚ್ಚಿ ನೋಡಿದರೂ ಅಗಲವಾಗಿ ಹರಡಿ ಪ್ರೇಕ್ಷಕರನ್ನು ನಟನ ಸಮೀಪಕ್ಕೆ ತರುವ ಈ ಅರ್ಧಾಂಡಾಕಾರ ಮೆಚ್ಚತಕ್ಕುದೇ.

ಈ ವಿಷಯಕ್ಕೆ ಕನ್ನಡದಲ್ಲಿಯೂ ಒಂದು ಸಂಬಂಧವಿದೆ. ಗ್ರೀಕರ ರುದ್ರನಾಟಕವನ್ನು ತಮ್ಮದಾಗಿಸಿಕೊಳ್ಳಲು ವಿಚೆಂತ್ಸಾದ ಪಂಡಿತರು ಮಂದಿರವನ್ನು ಕಟ್ಟಿದರು. ಬಿ. ಎಂ. ಶ್ರೀಕಂಠಯ್ಯನವರು ಅದೇ ಕಾರ್ಯವನ್ನು ಭಾಷೆಯಲ್ಲಿ ಸಾಧಿಸಿದರು: ‘ಗದಾಯುದ್ಧನಾಟಕಂ’ 1926ರಲ್ಲಿ, ‘ಅಶ್ವತ್ಥಾಮನ್’ 1929ರಲ್ಲಿ, ‘ಪಾರಸಿಕರು’ 1935ರಲ್ಲಿ ಹೊರಬಂದುವು. ‘ಅಶ್ವತ್ಥಾಮನ್’ ನಾಟಕಕ್ಕೆ ಮಾದರಿ ಸೊಫೊಕ್ಲೀಸನ ‘ಏಜಾಕ್ಸ್’. ಅಲ್ಲಿಯೂ ಅನರ್ಥಕ್ಕೆ ಕಾರಣ ದೇವತೆ ಕಣ್ಣಿಗೆ ಕವಿಸಿದ ಭ್ರಾಂತಿ. ನಾಯಕನು ದನಗಳ ಮಂದೆಯನ್ನು ಶತ್ರುಗಳೆಂದು ತಿಳಿದು ಕಡಿಯುತ್ತಾನೆ. ಮುಂದೆ ಪಿ. ಲಂಕೇಶರು ‘ಈಡಿಪಸ್’ ನಾಟಕವನ್ನೇ ಕನ್ನಡಕ್ಕೆ ತಂದರು. ನಮ್ಮ ತರಗತಿಗಳಲ್ಲಿ ಈ ಕೃತಿಗಳನ್ನು ಪಾಠ ಹೇಳುವಾಗ ಮಾತಿನ ಗಾಂಭೀರ್ಯವನ್ನು ವಿವರಿಸುತ್ತೇವೆ. ಆ ಮಾತು ಯಾವ ರಂಗವನ್ನು ಬೇಡುತ್ತದೆಂದು ಕೇಳುವುದು ಅಪೂರ್ವ. ಒಲಿಂಪಿಕೊ ಮಂದಿರದ ನಕ್ಷೆಯೊಂದನ್ನು ಮುಂದಿಟ್ಟುಕೊಂಡರೆ ಆ ಪ್ರಶ್ನೆ ತಾನಾಗಿ ಏಳುತ್ತದೆ.

ಕಡೆಯದಾಗಿ ರಕ್ಷಣೆಯ ಮಾತು. 1994ರಲ್ಲಿ ವಿಚೆಂತ್ಸಾ ನಗರ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಒಣಮರಕ್ಕೂ ಗಾರೆಗೂ ಹಾನಿಯಾಗದಂತೆ ಮಂದಿರದಲ್ಲಿ ಪ್ರದರ್ಶನಗಳನ್ನು ಮಿತವಾಗಿ ನಡೆಸುತ್ತಾರೆ; ವರ್ಷದ ಬಹುಭಾಗ ಅದು ನೋಡಲು ಬಂದವರಿಗೆ ತೆರೆದ ಮೌನವಾದ ಶಾಲೆ. ಇದು ಅನಿವಾರ್ಯ. ಸಬ್ಬಿಯೊನೆತದ ಮೊದಲಿನ ಬೀದಿ ಅಳಿದುಹೋಯಿತು; ಫಾರ್ನೆಸೆ ಮಂದಿರ 1944ರ ಬಾಂಬುದಾಳಿಯಲ್ಲಿ ನೆಲಸಮವಾಗಿ ಯುದ್ಧಾನಂತರ ಮತ್ತೆ ಎದ್ದಿತು. ಉಳಿದುದನ್ನು ಕಾಯದೆ ಇರಲಾಗದು. ಆದರೆ ನೋಡಬಂದವನು ಬೀದಿಗಳ ಚಮತ್ಕಾರವನ್ನು ಮಾತ್ರ ಹೊಗಳಿ ಹಿಂದಿರುಗಿದರೆ ಅರ್ಧವನ್ನು ಮಾತ್ರ ಕಂಡಂತಾಯಿತು. ಮರ ಗಾರೆಗಳನ್ನು ಶಿಲ್ಪಿಗಳು ಕಾಪಾಡಬಲ್ಲರು. ಅವು ಯಾವ ಮಾತಿಗಾಗಿ ನಿಂತುವೋ ಆ ಮಾತನ್ನು ಕಾಪಾಡುವವರು ಓದುಗರೂ ಅಧ್ಯಾಪಕರೂ. ಸೊಫೊಕ್ಲೀಸನನ್ನು ಓದಿ ಆ ಮಂದಿರಕ್ಕೆ ಹೋದವನಿಗೆ ಅಲ್ಲಿಯ ನಿರ್ಜನವಾದ ಏಳು ಬೀದಿಗಳು ಕೇವಲ ಸುಂದರವಾಗಿ ಕಾಣುವುದಿಲ್ಲ. ಮಾರಿ ಹೊಕ್ಕ ಊರಿನ ಬೀದಿಗಳಾಗಿಯೂ ಕಾಣುತ್ತವೆ.