ನೊಯ್ಯಲ್ ಕಣಿವೆಯ ರೋಮನ್ ಬೆಳ್ಳಿ

ರೋಮ್ ಸಾಮ್ರಾಜ್ಯದ ವ್ಯಾಪಾರವನ್ನು ನಾಣ್ಯಗಳ ಮೂಲಕ ಅರಿಯಬಯಸುವವರಿಗೆ ನೊಯ್ಯಲ್ ನದಿ ಹರಿಯುವ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಷ್ಟು ಉದಾರವಾದ ನೆಲ ಭಾರತದಲ್ಲಿ ವಿರಳ. ಕೊಯಮತ್ತೂರಿಗೆ ಅಂಟಿಕೊಂಡಿರುವ ವೆಳ್ಳಲೂರಿನಲ್ಲಿ 1891ರಲ್ಲಿಯೂ 1931ರಲ್ಲಿಯೂ ರೋಮನ್ ನಾಣ್ಯನಿಧಿಗಳು ದೊರೆತವು. ಉಡುಮಲಪೇಟೆಯ ಕಡೆಯ ಬೂದಿನತ್ತಂನಲ್ಲಿ 1946ರಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ 1,398 ಡೆನೇರಿಯಸ್‌ಗಳಿದ್ದವು. ಡೆನೇರಿಯಸ್ ಎಂದರೆ ರೋಮನ್ನರು ನಿತ್ಯದ ವ್ಯವಹಾರಕ್ಕೆ ಬಳಸುತ್ತಿದ್ದ ಬೆಳ್ಳಿಯ ನಾಣ್ಯ.

ಈ ನಿಧಿಗಳ ನಿಜವಾದ ಸ್ವಾರಸ್ಯ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಆಯ್ಕೆಯಲ್ಲಿದೆ. ರೋಮ್‌ನಲ್ಲಿ ನೂರಾರು ಬಗೆಯ ಅಚ್ಚುಗಳು ಚಲಾವಣೆಯಲ್ಲಿದ್ದರೂ ಇಲ್ಲಿ ಮುಖ್ಯವಾಗಿ ಕಾಣುವುದು ಎರಡೇ: ಅಗಸ್ಟಸ್ ಚಕ್ರವರ್ತಿಯ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿರುವ ನಾಣ್ಯ ಹಾಗೂ ಟೈಬೀರಿಯಸ್ ಚಕ್ರವರ್ತಿಯ, ಹಿಂಬದಿಯಲ್ಲಿ ಕುಳಿತ ಸ್ತ್ರೀಮೂರ್ತಿಯಿರುವ ನಾಣ್ಯ. ಇವು ಅಚ್ಚಾದದ್ದು ಇಂದಿನ ಫ್ರಾನ್ಸ್‌ನ ಲಿಯಾನ್ ನಗರದ ಟಂಕಸಾಲೆಯಲ್ಲಿ. ಸುಮಾರು ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84ರ ಬದಲು 96 ಡೆನೇರಿಯಸ್‌ಗಳನ್ನು ಅಚ್ಚುಹಾಕಿಸಿ, ಜೊತೆಗೆ ತಾಮ್ರವನ್ನೂ ಬೆರೆಸಿದ್ದರಿಂದ, ಹಳೆಯ ನಾಣ್ಯಗಳೇ ತೂಕದಲ್ಲಿಯೂ ಶುದ್ಧತೆಯಲ್ಲಿಯೂ ಮೇಲಾಗಿ ಉಳಿದವು. ಕೊಂಗುನಾಡೆನಿಸಿದ ಈ ದೂರದ ಸೀಮೆಯಲ್ಲಿ ಆ ಉತ್ತಮ ನಾಣ್ಯಗಳೇ ರಾಶಿಯಾಗಿ ಸಿಗುವುದನ್ನು ನೋಡಿದರೆ, ಇಲ್ಲಿನ ವರ್ತಕರು ಚಕ್ರವರ್ತಿಯ ಮುಖಮುದ್ರೆಗಿಂತ ಬೆಳ್ಳಿಯ ಗುಣವನ್ನೇ ನೆಚ್ಚಿಕೊಂಡಿದ್ದರೆಂದು ತೋರುತ್ತದೆ. ನಾಣ್ಯದ ಮೇಲಿನ ಚಕ್ರವರ್ತಿಯ ಕಾಲವನ್ನೇ ಅದನ್ನು ಹೂಳಿದ ಕಾಲವೆಂದು ಭಾವಿಸಬಾರದೆಂಬ ಎಚ್ಚರಿಕೆಯೂ ಇದರಿಂದಲೇ ಹುಟ್ಟುತ್ತದೆ. ಒಳ್ಳೆಯ ಹಳೆಯ ಬೆಳ್ಳಿ ದಶಕಗಳ ಕಾಲ ಕೈಯಿಂದ ಕೈಗೆ ಸಾಗಿರಬಹುದು.

ಈ ಬೆಳ್ಳಿಗೆ ಪ್ರತಿಯಾಗಿ ಹೋದ ಸರಕುಗಳಲ್ಲಿ ಮೆಣಸಿನ ಹೆಸರೇ ಪ್ರಸಿದ್ಧವಾದರೂ, ಈ ಕಣಿವೆಯ ಹೆಮ್ಮೆ ಬೆರಿಲ್, ಅಂದರೆ ಪಚ್ಚೆಯ ಕುಲಕ್ಕೆ ಸೇರಿದ, ಸಹಜವಾಗಿಯೇ ಆರು ಮುಖಗಳಲ್ಲಿ ಬೆಳೆಯುವ ಹರಳು. ಬೆರಿಲ್ ಭಾರತದ ಹೊರಗೆ ಅಪರೂಪವೆಂದೂ, ಕಡಲಿನ ಹಸಿರನ್ನು ಹೋಲುವುದೇ ಅದರಲ್ಲಿ ಶ್ರೇಷ್ಠವೆಂದೂ ರೋಮನ್ ವಿದ್ವಾಂಸ ಪ್ಲೀನಿ ಬರೆದಿದ್ದಾನೆ. ಕಾಂಗೇಯಂ ಸಮೀಪದ ಪಡಿಯೂರಿನಲ್ಲಿ ಈ ಹರಳಿನ ಗಣಿಯಿದ್ದು, 1819–20ರಲ್ಲಿಯೂ ಅಲ್ಲಿ ಅಗೆತ ನಡೆದಿತ್ತು. ನೊಯ್ಯಲ್ ದಂಡೆಯ ಕೊಡುಮಣಲ್‌ನಲ್ಲಿ, ಈಗ ಅದು ಈರೋಡ್ ಜಿಲ್ಲೆಗೆ ಸೇರಿದ್ದರೂ, ಹರಳುಗಳನ್ನು ಉಜ್ಜಿ ಮಣಿಯಾಗಿಸುತ್ತಿದ್ದ ಕಾರ್ಯಾಗಾರಗಳು ಉತ್ಖನನದಲ್ಲಿ ಹೊರಬಂದಿವೆ. ಅಲ್ಲಿಂದ ಪಾಲಕ್ಕಾಡ್ ಕಣಿವೆಯ ಮೂಲಕ ಪಡುವಣ ಕರಾವಳಿಯ ಬಂದರಾದ ಮುಚಿರಿಗೆ ದಾರಿ ಸುಗಮವಾಗಿತ್ತು.

ಕ್ರಿ.ಶ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿಯು ಬೆರಿಲ್ ದೊರೆಯುವ ಸ್ಥಳವೆಂದು ಹೆಸರಿಸುವ ‘ಪುನ್ನಾಟ’ವನ್ನು ಹಲವು ವಿದ್ವಾಂಸರು ಕಪಿಲಾ ತೀರದ ಕಿತ್ತಿಪುರವನ್ನು ರಾಜಧಾನಿಯಾಗಿ ಹೊಂದಿದ್ದ ಕನ್ನಡ ನಾಡಿನ ಪುನ್ನಾಡೆಂದು ಗುರುತಿಸಿದ್ದಾರೆ; ಪಡಿಯೂರಿನ ಪಕ್ಷ ವಹಿಸುವವರು ಇದನ್ನು ಒಪ್ಪುವುದಿಲ್ಲ. ಆದರೆ ಮೈಸೂರು ಸೀಮೆಯಿಂದ ಗಜಲಹಟ್ಟಿ ಕಣಿವೆಯ ಮೂಲಕ ಕೊಯಮತ್ತೂರಿನ ಬಯಲಿಗಿಳಿಯುವ ಹಳೆಯ ಹಾದಿಯನ್ನು ನೆನೆದರೆ, ಎರಡೂ ನೆಲಗಳ ಹರಳು ಒಂದೇ ಸಂತೆಯನ್ನು ಸೇರಲು ಅಡ್ಡಿಯೇನೂ ಇರಲಿಲ್ಲ.