‘ಹೀರುವ’ ಕವಚಗಳು: ಒಂದು ವಿಮರ್ಶೆ

ವಿದ್ಯುತ್ಕಾಂತೀಯ ತರಂಗಗಳ ಹಾವಳಿಯಿಂದ ಉಪಕರಣಗಳನ್ನು ಕಾಪಾಡಲು ಬಹುಕಾಲ ಲೋಹದ ತಗಡೇ ಗತಿಯಾಗಿದ್ದಿತು. ಬಾಗುವ ಉಪಕರಣಗಳು ಬಂದ ಮೇಲೆ ಪಾಲಿಮರಿನಲ್ಲಿ ಇಂಗಾಲದ ನ್ಯಾನೋನಳಿಕೆಗಳನ್ನೋ ಬೆಳ್ಳಿಯ ಎಳೆಗಳನ್ನೋ ಬೆರೆಸಿದ ಸಮ್ಮಿಶ್ರ ಹಾಳೆಗಳು ಆ ಸ್ಥಾನಕ್ಕೆ ಸ್ಪರ್ಧಿಸುತ್ತಿವೆ. ಬೆರೆಸಿದ ಕಣಗಳು ಎಡೆಬಿಡದ ಜಾಲವಾದೊಡನೆ ನಿರೋಧಕವಾಗಿದ್ದ ಪಾಲಿಮರು ವಾಹಕವಾಗುತ್ತದೆ. 2016ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ಈ ಕ್ಷೇತ್ರಕ್ಕೆ ಹೊಸ ಹುರುಪು ತಂದಿತು. ಟೈಟಾನಿಯಮ್ ಕಾರ್ಬೈಡಿನ ‘ಮ್ಯಾಕ್ಸೀನ್’ ಪದರಗಳಿಂದಾದ, ಕೇವಲ 45 ಮೈಕ್ರೋಮೀಟರ್ ದಪ್ಪದ ಹಾಳೆ 92 ಡೆಸಿಬೆಲ್ ತಡೆಯನ್ನು ಒಡ್ಡಿತು. ಎಂದರೆ ಬಂದ ಶಕ್ತಿಯಲ್ಲಿ ನೂರು ಕೋಟಿಗೆ ಒಂದು ಪಾಲೂ ಆಚೆಗೆ ಹಾಯದು. ಕಡಲಪಾಚಿಯಿಂದ ದೊರೆಯುವ ಸೋಡಿಯಮ್ ಆಲ್ಜಿನೇಟಿನೊಡನೆ ಅದನ್ನು ಬೆರೆಸಿದ ಹಾಳೆಗಳ ವಿಚಾರವೂ ಅಲ್ಲಿಯೇ ಇದೆ.

ಸಾಧನೆ ನಿಸ್ಸಂದೇಹವಾಗಿ ದೊಡ್ಡದು. ನನ್ನ ಆಕ್ಷೇಪವಿರುವುದು ಈ ಕ್ಷೇತ್ರದ ಅನೇಕ ಪ್ರಬಂಧಗಳಲ್ಲಿ ರೂಢಿಯಾಗಿಬಿಟ್ಟಿರುವ ಒಂದು ತೀರ್ಮಾನದ ಬಗೆಗೆ: ಒಟ್ಟು ತಡೆಯನ್ನು ಪ್ರತಿಫಲನದ ಡೆಸಿಬೆಲ್, ಹೀರುವಿಕೆಯ ಡೆಸಿಬೆಲ್ ಎಂದು ಒಡೆದು, ಎರಡನೆಯ ಅಂಕಿ ದೊಡ್ಡದಾದುದರಿಂದ ‘ಇದು ಪ್ರಧಾನವಾಗಿ ಹೀರುವ ಕವಚ’ ಎನ್ನುವುದು. ರೂಪಾಯಿಯ ಲೆಕ್ಕದಲ್ಲಿ ನೋಡೋಣ. ಹಾಳೆಯ ಮೇಲೆ 100 ರೂಪಾಯಿ ಬಿದ್ದಿತು. 90 ರೂಪಾಯಿ ಹೊರಮೈಯಿಂದಲೇ ಹಿಂದಿರುಗಿತು. 9 ರೂಪಾಯಿ 99 ಪೈಸೆ ಒಳಗೆ ಕರಗಿತು. ಒಂದು ಪೈಸೆ ಮಾತ್ರ ಆಚೆ ದಾಟಿತು. ಡೆಸಿಬೆಲಿನಲ್ಲಿ ಬರೆದರೆ ಪ್ರತಿಫಲನಕ್ಕೆ 10, ಹೀರುವಿಕೆಗೆ 30! ಮೊದಲನೆಯದನ್ನು ಅಸಲಿನ ಮೇಲೆ, ಎರಡನೆಯದನ್ನು ಉಳಿಕೆಯ ಮೇಲೆ ಎಣಿಸಿದುದರ ಫಲವಿದು. ಸೂತ್ರ ಸುಳ್ಳಲ್ಲ, ಒಳಹೊಕ್ಕ ಹತ್ತು ರೂಪಾಯಿಯ ಗತಿಯನ್ನು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಒಂಬತ್ತು ಪಾಲನ್ನು ಹಿಂದಕ್ಕೆಸೆದ ವಸ್ತುವನ್ನು ಹೀರುವ ವಸ್ತುವೆನ್ನುವುದು ಹೇಗೆ?

ಇದು ಬರಿಯ ಪದಗಳ ಜಗಳವಲ್ಲ. ಕಿಕ್ಕಿರಿದ ಉಪಕರಣದೊಳಗೆ ಹಿಂದಿರುಗಿದ ತರಂಗ ನೆರೆಯ ಬಿಡಿಭಾಗವನ್ನು ಕಾಡುತ್ತದೆ. ನಿಜವಾಗಿ ಹೀರಬೇಕಾದರೆ ತರಂಗ ಮೊದಲು ಒಳಕ್ಕೆ ಬರಬೇಕು; ಹೊರಮೈಯ ವಾಹಕತೆ ಹೆಚ್ಚಿದಷ್ಟೂ ಬಾಗಿಲು ಮುಚ್ಚುತ್ತದೆ. ಆದುದರಿಂದಲೇ ಕೆಲವರು ರಂಧ್ರಮಯ ನೊರೆಯಂಥ ಹಾಳೆಗಳನ್ನೂ ಕಾಂತೀಯ ಫೆರೈಟ್ ಕಣಗಳನ್ನೂ ಪ್ರಯೋಗಿಸುತ್ತಿರುವುದು. ಡೆಸಿಬೆಲಿನ ಪಂದ್ಯದಲ್ಲಿ ಇಂಥವು ಹಿಂದೆ ಬಿದ್ದಂತೆ ತೋರಬಹುದು. ಮಡಿಕೆಯಲ್ಲಿ ಜಾಲ ಬಿರಿಯುವುದು, ತೇವದ ಗಾಳಿಯಲ್ಲಿ ಮ್ಯಾಕ್ಸೀನ್ ಉತ್ಕರ್ಷಣಗೊಳ್ಳುವುದು ಬೇರೆ ತೊಡಕುಗಳು.

ಡೆಸಿಬೆಲಿನ ಪಕ್ಕದಲ್ಲಿ ಹಿಂದಿರುಗಿದ, ಕರಗಿದ, ದಾಟಿದ ಪಾಲುಗಳನ್ನು ನೇರವಾಗಿ ಅಚ್ಚುಮಾಡುವ ಲೇಖಕರೂ ಉಂಟು. ಉಳಿದವರಿಂದಲೂ ಅದನ್ನೇ ಕೇಳಬೇಕು. ಕನ್ನಡದಲ್ಲಿ ಇದನ್ನು ಬರೆಯುವವರು ‘ಹೀರುವ ಹಾಳೆ’ ಎಂದು ಅವಸರದಿಂದ ಭಾಷಾಂತರಿಸದಿರಲಿ. ‘ಹೆಚ್ಚಿನ ಪಾಲನ್ನು ಪ್ರತಿಫಲಿಸಿ, ಒಳಹೊಕ್ಕುದನ್ನು ಹೀರುವ ಹಾಳೆ’ ಎಂಬುದು ಉದ್ದವಾದರೂ ಸರಿಯಾದ ಮಾತು.