ಹೊದಿಕೆ ಬದಲಾದರೆ ಹೊರೆ ಇಳಿದೀತೆ?

ಗಿರಾಕಿಗಳ ಮನೆಬಾಗಿಲಿಗೆ ಸರಕು ಕಳುಹಿಸುವ ವ್ಯಾಪಾರ ಸಂಸ್ಥೆಗಳು ತಮ್ಮ ಪೊಟ್ಟಣಗಳನ್ನು ‘ಪರಿಸರಸ್ನೇಹಿ’ ಎಂದು ಕರೆದುಕೊಳ್ಳುವುದು ಈಚಿನ ವರ್ಷಗಳಲ್ಲಿ ವಾಡಿಕೆಯಾಗಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಹೊದಿಕೆಯನ್ನು ಭಾರತದ ತನ್ನ ಉಗ್ರಾಣಗಳಲ್ಲಿ ಕೈಬಿಟ್ಟುದಾಗಿ ಅಮೆಜಾನ್ 2020ರಲ್ಲಿಯೂ, ಬೆಂಗಳೂರಿನ ಫ್ಲಿಪ್‌ಕಾರ್ಟ್ 2021ರಲ್ಲಿಯೂ ಪ್ರಕಟಿಸಿದವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದ ಸ್ಥಾನಕ್ಕೆ ಕಾಗದದ ಮೆತ್ತೆ ಬಂದಿತು. ಚರಂಡಿಯನ್ನು ಕಟ್ಟುವ, ದನಕರುಗಳ ಹೊಟ್ಟೆ ಸೇರುವ ವಸ್ತುವೊಂದು ಅಷ್ಟರಮಟ್ಟಿಗೆ ಕಡಿಮೆಯಾಗುವುದು ಶ್ಲಾಘನೀಯವೇ. ಆದರೆ ಆ ಹೆಸರಿಗೆ ಆ ಪೊಟ್ಟಣ ಎಷ್ಟು ಅರ್ಹವೆಂಬುದು ವಿಚಾರಾರ್ಹ.

ಕಾಗದವೂ ನಿರ್ದೋಷಿಯಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಒದಗಿಸುತ್ತಿದ್ದ ಉತ್ತರ ಕನ್ನಡದ ಕಾಡುಗಳಲ್ಲಿ ಅದು ಕ್ಷೀಣಿಸುತ್ತಿದ್ದ ಬಗೆಯನ್ನು ಮಾಧವ ಗಾಡ್ಗೀಳರು 1970ರ ದಶಕದಲ್ಲಿಯೇ ಅಧ್ಯಯನ ಮಾಡಿದ್ದರು. ಇಂದು ಈ ದೇಶದ ರಟ್ಟಿನ ಪೆಟ್ಟಿಗೆಗಳು ಬಹುಪಾಲು ರದ್ದಿಯಿಂದ ತಯಾರಾಗುವುದರಿಂದ ಕಾಡಿನ ಮೇಲಣ ಹೊರೆ ತಗ್ಗಿದೆ, ನಿಜ. ಆದರೂ ರದ್ದಿಯನ್ನು ತಿರುಳಾಗಿಸಲು ನೀರು ಬೇಕು, ಹಾಳೆಯನ್ನು ಒಣಗಿಸಲು ಉರುವಲು ಬೇಕು. ಪ್ರತಿ ಸುತ್ತಿಗೂ ನಾರು ಗಿಡ್ಡವಾಗುವುದರಿಂದ ಹೊಸ ನಾರನ್ನು ಸೇರಿಸಲೇಬೇಕು.

‘ಗೊಬ್ಬರವಾಗಿ ಕರಗುವ’ ಪ್ಲಾಸ್ಟಿಕ್ ಚೀಲಗಳ ಮಾತೂ ಇಂಥದೇ. ಅವು ಕರಗುತ್ತವೆಯೇ ಎಂಬ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕಾಯ್ದಿಟ್ಟ ಸ್ಥಿತಿಯಲ್ಲಿ. ಹಿತ್ತಿಲ ತಿಪ್ಪೆಯಲ್ಲಾಗಲಿ ಬೀದಿಯ ಕಸದ ರಾಶಿಯಲ್ಲಾಗಲಿ ಅಂಥ ಶಾಖ ನಿಲ್ಲದು. ಚೀಲದ ಮೇಲಣ ಬರಹ ಗಿರಾಕಿಗೆ ಇದನ್ನು ತಿಳಿಸುವುದು ವಿರಳ. ಪರಿಸರದ ಹೆಸರಿನಲ್ಲಿ ಮಾಡುವ ಜಾಹೀರಾತಿಗೆ ಆಧಾರವನ್ನು ಒದಗಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಬೇಕಾದುದು ಅಕಾರಣವಲ್ಲ.

ಶ್ರಾವಕಾಚಾರಗಳು ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಹೆಸರಿಸಿ, ಅದರಿಂದ ದೂರವಿರುವುದನ್ನು ಗೃಹಸ್ಥನ ವ್ರತವಾಗಿಸಿವೆ. ವಿನಾಕಾರಣ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇದರಲ್ಲಿ ಸೇರಿವೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ ವಸ್ತು ಯಾವುದೆಂದಲ್ಲ, ಅದು ಬೇಕೇ ಎಂಬುದು. ಅಂಗೈಯಗಲದ ಔಷಧದ ಡಬ್ಬಿಗೆ ಮೊಳದುದ್ದದ ಪೆಟ್ಟಿಗೆ, ಅದರ ಪೊಳ್ಳು ತುಂಬಲು ಮತ್ತಷ್ಟು ಕಾಗದ ಎಂದಾದರೆ, ಪ್ಲಾಸ್ಟಿಕ್ ಇಲ್ಲವೆಂಬ ಒಂದೇ ಕಾರಣಕ್ಕೆ ಅದು ಅಹಿಂಸೆಯ ವ್ಯಾಪಾರವಾಗಲಾರದು.

ಮೆಚ್ಚತಕ್ಕ ಕ್ರಮ ಬೇರೆಯಿದೆ. ತಯಾರಕರ ಮೂಲ ಪೆಟ್ಟಿಗೆಯಲ್ಲಿಯೇ, ಮೇಲುಹೊದಿಕೆಯಿಲ್ಲದೆ ಸರಕನ್ನು ತಲುಪಿಸುವ ಪದ್ಧತಿಯನ್ನು ಅಮೆಜಾನ್ ಭಾರತದಲ್ಲಿ 2019ರಲ್ಲಿ ಆರಂಭಿಸಿತು. ವಸ್ತುವನ್ನು ಬದಲಿಸುವುದಕ್ಕಿಂತ ವಸ್ತುವನ್ನೇ ಉಳಿಸುವ ಈ ಕ್ರಮ ಹೆಚ್ಚು ಮೇಲಾದುದು. ಆರ್ಡರೊಂದಕ್ಕೆ ಸರಾಸರಿ ಎಷ್ಟು ಗ್ರಾಂ ಹೊದಿಕೆ ಬಳಕೆಯಾಯಿತೆಂಬುದನ್ನು ಸಂಸ್ಥೆಗಳು ವರ್ಷವರ್ಷವೂ ಪ್ರಕಟಿಸಿದರೆ ಅವುಗಳ ಮಾತಿಗೆ ತೂಕ ಬಂದೀತು. ಗ್ರಂಥಗಳನ್ನೂ ಪಂಚಾಂಗಗಳನ್ನೂ ಅಂಚೆಯಲ್ಲಿ ಕಳುಹಿಸುವ ಬಸದಿಯ ಟ್ರಸ್ಟುಗಳಿಗೂ, ಅಂಗಡಿ ನಡೆಸುವ ಶ್ರಾವಕ ಕುಟುಂಬಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ. ಅದನ್ನಿಡಲು ತಕ್ಕಡಿಯೊಂದು ಸಾಕು.